ಅರ್ಧ ಅಂಗುಲದ ಎತ್ತರ

ದೆಹಲಿಯಲ್ಲಿ ದೀಪಾವಳಿ ಕಳೆದು ಮೊದಲ ಮಂಜು ಕವಿಯುವ ಹೊತ್ತಿಗೆ ನಮ್ಮ ಬಳಗದಲ್ಲಿ ಪ್ರತಿ ವರ್ಷವೂ ಒಂದು ದೃಶ್ಯ ತಪ್ಪದೆ ನಡೆಯುತ್ತದೆ. ತಿಂಗಳ ಕೂಟ ಮುಗಿದು, ಕಾಫಿ ಕುಡಿದು, ಎಲ್ಲರೂ ವಾಹನ ನಿಲ್ಲಿಸಿದ ಕಡೆಗೆ ಬರುತ್ತೇವೆ. ಅಲ್ಲಿ ಯಾರಾದರೊಬ್ಬರು ತಮ್ಮ ಹತ್ತು ಹನ್ನೆರಡು ವರ್ಷದ ಕಾರಿಗೆ ದೊಡ್ಡ ಅಲಾಯ್ ಚಕ್ರ, ಅಗಲವಾದ ಟೈರು ಹಾಕಿಸಿಕೊಂಡು ಬಂದಿರುತ್ತಾರೆ. ಮಿಕ್ಕವರು ಸುತ್ತ ನೆರೆದು, ಬೂಟಿನ ತುದಿಯಿಂದ ಟೈರನ್ನು ಮೆಲ್ಲಗೆ ಒದ್ದು ಪರೀಕ್ಷಿಸಿ, ಎರಡು ಮಾತು ಹೇಳುತ್ತಾರೆ. "ಈಗ ಗಾಡಿಗೊಂದು ಗತ್ತು ಬಂತು ನೋಡಿ" ಎನ್ನುವುದು ಮೊದಲನೆಯದು. "ಇನ್ನು ಚಳಿಗಾಲಕ್ಕೆ ಚಿಂತೆಯಿಲ್ಲ, ಮನಾಲಿಗೆ ಧೈರ್ಯವಾಗಿ ಹೋಗಬಹುದು" ಎನ್ನುವುದು ಎರಡನೆಯದು. ಮೊದಲನೆಯ ಮಾತಿಗೆ ನಮ್ಮ ತಕರಾರಿಲ್ಲ; ಗತ್ತು ಅವರವರ ಹಣ, ಅವರವರ ಇಷ್ಟ. ಎರಡನೆಯದು ಶುದ್ಧ ಸುಳ್ಳು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತುವವರು ಈ ಸುಳ್ಳನ್ನು ನಂಬಿ ಹೊರಡುತ್ತಿದ್ದಾರೆ ಎಂಬ ಕಾರಣಕ್ಕೆ ಈ ಲೇಖನ.

ಇಲ್ಲಿ ನಾವು ಎಂದರೆ ಸರ್ಕಾರಿ ವಸತಿಗೃಹವೊಂದರಲ್ಲಿ ಒಂದೇ ಮೆಟ್ಟಿಲು ಹತ್ತಿಳಿಯುವ ಎರಡು ಕನ್ನಡ ಕುಟುಂಬಗಳು. 2012ರಲ್ಲಿ ಕೊಂಡ ಪೆಟ್ರೋಲ್ ಸ್ವಿಫ್ಟ್ ಕಾಗದದಲ್ಲಿ ಒಂದು ಮನೆಯದು, ಓಡಾಟದಲ್ಲಿ ಎರಡೂ ಮನೆಗಳದು. ಬೇರೆಯವರನ್ನು ದೂರುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ: 2024ರ ಚಳಿಗಾಲದಲ್ಲಿ ಹಾಗೆ ಚಕ್ರ ಹಾಕಿಸಿ, ಬೂಟಿನ ತುದಿಯ ಒದೆತವನ್ನೂ ಹೊಗಳಿಕೆಯನ್ನೂ ಸ್ವೀಕರಿಸಿದವರು ನಾವೇ.

ಕಾರಿನ ಜೊತೆ ಬಂದದ್ದು 165/80 ಆರ್ 14 ಅಳತೆಯ ಟೈರು. ಈ ಅಂಕಿಗಳು ಪ್ರತಿ ಟೈರಿನ ಮೈಮೇಲೂ ಇರುತ್ತವೆ, ಓದುವವರು ಕಡಿಮೆ. ಮೊದಲನೆಯದು ಮಿಲಿಮೀಟರಿನಲ್ಲಿ ಟೈರಿನ ಅಗಲ. ಎರಡನೆಯದು ಆ ಅಗಲಕ್ಕೆ ಹೋಲಿಸಿದರೆ ಪಕ್ಕದ ಗೋಡೆಯ ಎತ್ತರ ಶೇಕಡಾ ಎಷ್ಟು ಎಂಬುದು. ಕೊನೆಯದು ಒಳಗಿನ ರಿಮ್ಮಿನ ಅಡ್ಡಳತೆ, ಅಂಗುಲದಲ್ಲಿ. ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಡೀ ಚಕ್ರದ ಅಡ್ಡಳತೆ ಸುಮಾರು 620 ಮಿಲಿಮೀಟರು. ಅಂಗಡಿಯವರು ನಮಗೆ ಹಾಕಿಕೊಟ್ಟದ್ದು 205/65 ಆರ್ 15. ಅದರ ಅಡ್ಡಳತೆ ಸುಮಾರು 648. ಹೆಚ್ಚಾದದ್ದು 28 ಮಿಲಿಮೀಟರು, ಎಂದರೆ ಶೇಕಡಾ ನಾಲ್ಕೂವರೆ. ಅಗಲದಲ್ಲಿ 40 ಮಿಲಿಮೀಟರು ಹೆಚ್ಚು. ಖರ್ಚು 46,000 ರೂಪಾಯಿ.

"ಗಾಡಿ ಮೇಲೇಳುತ್ತದೆ ಸಾರ್, ಹಿಮದಲ್ಲಿ ತಳ ತಾಗುವುದಿಲ್ಲ" ಎಂಬುದು ಅಂಗಡಿಯವರ ಮೊದಲ ವಾದ. ಅಡ್ಡಳತೆ 28 ಹೆಚ್ಚಿದರೆ ಕಾರಿನ ತಳ ಮೇಲೇಳುವುದು ಅದರ ಅರ್ಧ ಮಾತ್ರ. ಹದಿನಾಲ್ಕು ಮಿಲಿಮೀಟರು. ನಮ್ಮ ಊರಿನ ಅಳತೆಯಲ್ಲಿ ಅರ್ಧ ಅಂಗುಲಕ್ಕೆ ತುಸು ಹೆಚ್ಚು. ಕುಲ್ಲು ಕಣಿವೆಯಲ್ಲಿ ಒಂದು ರಾತ್ರಿ ಬೀಳುವ ಹಿಮವನ್ನು ಕಂಡವರಿಗೆ ಈ ಅರ್ಧ ಅಂಗುಲದ ಬೆಲೆ ಏನೆಂದು ವಿವರಿಸಬೇಕಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರ ಸಾಲಿಗೆ ನಾವೂ ಸೇರಿದೆವು. ಕಚೇರಿಯಲ್ಲಿ ಹತ್ತು ರೂಪಾಯಿಯ ಬಿಲ್ಲಿಗೆ ಮೂರು ಆಕ್ಷೇಪ ಬರೆಯುವ ನಾವು, ಅಂಗಡಿಯಲ್ಲಿ ಈ ಎರಡರಿಂದ ಭಾಗಿಸುವ ಲೆಕ್ಕವನ್ನೂ ಮಾಡಲಿಲ್ಲ.

ಎರಡನೆಯ ವಾದ ಇನ್ನೂ ಜನಪ್ರಿಯ: ಟೈರು ಅಗಲವಾದಷ್ಟೂ ನೆಲವನ್ನು ಹೆಚ್ಚು ಕಚ್ಚುತ್ತದೆ. ಒಣಗಿದ, ಬೆಚ್ಚಗಿನ ಡಾಂಬರಿನ ಮೇಲೆ ಇದರಲ್ಲಿ ಸತ್ಯವುಂಟು. ಓಟದ ಕಾರುಗಳ ಟೈರುಗಳು ಅಗಲವಾಗಿರುವುದು ಅದಕ್ಕೇ. ಆದರೆ ಈ ಮಾತನ್ನು ಹಿಮಕ್ಕೆ ಒಯ್ದರೆ ಅದು ತಲೆಕೆಳಗಾಗುತ್ತದೆ. ಮೆತ್ತನೆಯ ಹಿಮದ ಮೇಲೆ ಟೈರು ಮಾಡಬೇಕಾದ ಕೆಲಸವೆಂದರೆ ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುವುದು. ಅಷ್ಟೇ ಭಾರವನ್ನು ಕಿರಿದಾದ ಪಟ್ಟಿಯ ಮೇಲೆ ಹೊರಿಸಿದರೆ ಅದು ಸೀಳುತ್ತದೆ. ಅಗಲವಾದ ಪಟ್ಟಿಯ ಮೇಲೆ ಹರಡಿದರೆ ತೇಲುತ್ತದೆ, ಇಲ್ಲವೇ ಹಿಮವನ್ನು ಮುಂದಕ್ಕೆ ತಳ್ಳಿ ದಿಬ್ಬ ಕಟ್ಟಿಕೊಳ್ಳುತ್ತದೆ. ನೀರಿನ ಮೇಲೂ ಇದೇ ಕತೆ. ಸ್ವೀಡನ್ನಿನಲ್ಲಿ ಹಿಮದ ಮೇಲೆ ನಡೆಯುವ ರ್‍ಯಾಲಿಯ ಚಿತ್ರಗಳನ್ನು ನೋಡಿ. ಡಾಂಬರಿನ ಮೇಲೆ ಅಗಲ ಟೈರಿನಲ್ಲಿ ಓಡುವ ಅದೇ ಕಾರುಗಳು ಅಲ್ಲಿ ಮೊಳೆ ಹೊಡೆದ, ಮೊಪೆಡ್ಡಿನ ಟೈರಿನಂತೆ ತೆಳ್ಳಗೆ ಕಾಣುವ ಟೈರು ತೊಟ್ಟು ಓಡುತ್ತವೆ. ಜಗತ್ತಿನ ಅತ್ಯುತ್ತಮ ಚಾಲಕರೂ ಅವರ ಇಂಜಿನಿಯರುಗಳೂ ಹಿಮ ಕಂಡೊಡನೆ ಚಕ್ರವನ್ನು ಕಿರಿದು ಮಾಡಿಕೊಳ್ಳುತ್ತಾರೆ. ಹಿಗ್ಗಿಸಿಕೊಳ್ಳುವವರು ನಾವು.

ಚಳಿಗಾಲದ ಟೈರು ಎಂಬ ವಸ್ತು ಬೇರೆಯೇ ಇದೆ ಎಂಬುದನ್ನು ನಮ್ಮಲ್ಲಿ ಬಹುಪಾಲು ಜನ ಕೇಳಿಯೂ ಇಲ್ಲ. 1934ರಲ್ಲಿ ಫಿನ್ಲೆಂಡಿನ ರಬ್ಬರ್ ಕಾರ್ಖಾನೆಯೊಂದು, ಇಂದು ನೋಕಿಯನ್ ಎಂದು ಹೆಸರಾದದ್ದು, ಹಿಮದ ದಾರಿಯಲ್ಲಿ ಓಡುವ ಲಾರಿಗಳಿಗಾಗಿ ಇಂಥ ಮೊದಲ ಟೈರನ್ನು ಮಾಡಿತು. ಅದರ ಗುಟ್ಟು ಗಾತ್ರದಲ್ಲಿಲ್ಲ. ಇಂದಿನ ಚಳಿಗಾಲದ ಟೈರಿನ ಗುಟ್ಟು ಇರುವುದು ರಬ್ಬರಿನಲ್ಲಿ ಮತ್ತು ಮೈಮೇಲಿನ ಸಣ್ಣ ಸಣ್ಣ ಸೀಳುಗಳಲ್ಲಿ. ನಾವು ಬಳಸುವ ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಬಿಗಿಯುತ್ತಾ ಹೋಗುತ್ತದೆ. ಬಿಗಿದ ರಬ್ಬರು ರಸ್ತೆಯ ಒರಟಿಗೆ ಅಂಟಿಕೊಳ್ಳದೆ ಜಾರುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆದುವಾಗಿ ಉಳಿಯುತ್ತದೆ. ಅದರ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು: ಇದು ಅದರ ಗುರುತು. ಜರ್ಮನಿಯಲ್ಲಿ 2010ರಿಂದ ಹಿಮ ಬಿದ್ದ ರಸ್ತೆಯಲ್ಲಿ ಚಳಿಗಾಲದ ಟೈರು ಕಡ್ಡಾಯ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ. ಆ ದೇಶದಲ್ಲಿ ನೆಲೆಸಿರುವ ನಮ್ಮ ನೆಂಟರ ಮನೆಯ ಗ್ಯಾರೇಜಿನಲ್ಲಿ ಎರಡನೆಯ ನಾಲ್ಕು ಚಕ್ರಗಳು ಯಾವಾಗಲೂ ಒರಗಿ ನಿಂತಿರುತ್ತವೆ. ಕಬ್ಬಿಣದವು, ಕಪ್ಪು ಬಣ್ಣದವು, ನೋಡಲು ಚೆಂದವಿಲ್ಲ. ಬೇಸಿಗೆಯ ಚಕ್ರಕ್ಕಿಂತ ರಿಮ್ಮು ಒಂದು ಅಂಗುಲ ಸಣ್ಣದು. ಏಕೆಂದು ಕೇಳಿದರೆ, "ಸಣ್ಣ ರಿಮ್ಮಿಗೆ ಟೈರು ಅಗ್ಗ, ತೆಳ್ಳಗಿದ್ದರೆ ಹಿಮಕ್ಕೆ ಒಳ್ಳೆಯದು, ಗೋಡೆ ದಪ್ಪವಿದ್ದರೆ ಗುಂಡಿಗೆ ಬಿದ್ದಾಗ ರಿಮ್ಮು ಸೀಳುವುದಿಲ್ಲ" ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಆರು ತಿಂಗಳು ಹಿಮದಲ್ಲಿ ಬದುಕುವವರ ಮಾತು ಅದು. ನಾವು ಅದನ್ನು ಫೋನಿನಲ್ಲಿ ಕೇಳಿಸಿಕೊಂಡದ್ದು ದುಡ್ಡು ಕಳೆದುಕೊಂಡ ಮೇಲೆ.

ಈಗ ಆ ಪ್ರವಾಸದ ವಿಷಯ. 2024ರ ಡಿಸೆಂಬರಿನ ಕೊನೆಯ ವಾರ ಮನಾಲಿಯಲ್ಲಿ ಹಿಮ ಚೆನ್ನಾಗಿ ಬಿತ್ತು. ಸೋಲಂಗ್ ಮತ್ತು ಅಟಲ್ ಸುರಂಗದ ನಡುವೆ ವಾಹನಗಳು ಗಂಟೆಗಟ್ಟಲೆ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲೂ ಬಂತು. 2020ರ ಅಕ್ಟೋಬರಿನಲ್ಲಿ ಆ ಒಂಬತ್ತು ಕಿಲೋಮೀಟರಿನ ಸುರಂಗ ತೆರೆದ ಮೇಲೆ, ಮೊದಲು ಚಳಿಗಾಲದಲ್ಲಿ ಮುಚ್ಚಿಹೋಗುತ್ತಿದ್ದ ಲಾಹೌಲಿನ ದಾರಿ ಬಯಲುಸೀಮೆಯವರ ಕಾರುಗಳಿಗೂ ತೆರೆಯಿತು. ದಾರಿ ಬದಲಾಯಿತು, ಬಯಲುಸೀಮೆಯವರ ತಿಳಿವಳಿಕೆ ಬದಲಾಗಲಿಲ್ಲ. ನಾವು ದೊಡ್ಡವರು ನಾಲ್ವರು, ಒಬ್ಬಳು ಒಂಬತ್ತು ವರ್ಷದ ಹುಡುಗಿ, ಡಿಕ್ಕಿ ತುಂಬ ಸಾಮಾನು. ಘಟ್ಟ ಹತ್ತುವಾಗಲೇ ಕಾರು ಏದುಸಿರು ಬಿಡುತ್ತಿತ್ತು. ಚಕ್ರ ದೊಡ್ಡದಾದಷ್ಟೂ ಗೇರಿನ ಲೆಕ್ಕ ಕೆಡುತ್ತದೆ. ಮೂರನೆಯದರಲ್ಲಿ ಏರಬೇಕಾದಲ್ಲಿ ಎರಡನೆಯದಕ್ಕೆ ಇಳಿಯಬೇಕು. ತಿರುವುಗಳಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ ಕರಕರ ಸದ್ದು ಮಾಡುತ್ತಿತ್ತು. ಹೊಸ ಟೈರು, ಪಳಗುತ್ತದೆ ಎಂದು ಪರಸ್ಪರ ಸಮಾಧಾನ ಹೇಳಿಕೊಂಡೆವು.

ಹಿಮ ಬಿದ್ದ ದಿನಗಳಲ್ಲಿ ಮನಾಲಿಯಿಂದ ಮುಂದಕ್ಕೆ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ವಾಹನಗಳನ್ನು ಅಥವಾ ಟೈರಿಗೆ ಸರಪಳಿ ಕಟ್ಟಿದ ವಾಹನಗಳನ್ನು ಮಾತ್ರ ಪೊಲೀಸರು ಬಿಡುವುದು ವಾಡಿಕೆ. ನಾವೂ ಸರಪಳಿ ಕೊಂಡಿದ್ದೆವು, ಹೊಸ ಟೈರಿನ ಅಳತೆಗೆ ಸರಿಯಾಗಿಯೇ. ರಸ್ತೆಯ ಬದಿಯಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ ಅದನ್ನು ಕಟ್ಟಲು ಕೂತಾಗ ತಿಳಿಯಿತು: ಅಗಲವಾದ ಟೈರಿಗೂ ಒಳಗಿನ ಶಾಕ್ ಅಬ್ಸಾರ್ಬರಿನ ಕಂಬಕ್ಕೂ ನಡುವೆ ಒಂದು ಬೆರಳು ತೂರುವಷ್ಟೂ ಜಾಗ ಉಳಿದಿರಲಿಲ್ಲ. ಸರಪಳಿ ಕೊಂಡಿ ಹಾಕಿದರೆ ಅದು ಕಂಬಕ್ಕೆ, ಬ್ರೇಕಿನ ಪೈಪಿಗೆ ಹೊಡೆಯುತ್ತದೆ. ಕಾರ್ಖಾನೆಯವರು ಆ ಜಾಗವನ್ನು ಬಿಟ್ಟಿದ್ದರು. ನಾವು 46,000 ಕೊಟ್ಟು ಅದನ್ನು ತುಂಬಿಸಿದ್ದೆವು. ಹಿಮದಲ್ಲಿ ನಿಜವಾಗಿ ನೆರವಿಗೆ ಬರುವ ಒಂದೇ ಅಗ್ಗದ ಸಾಧನವನ್ನು, ಹಿಮಕ್ಕೆಂದೇ ಮಾಡಿಸಿದ ಸಿದ್ಧತೆ ಅಸಾಧ್ಯವಾಗಿಸಿತ್ತು.

ಕಾರು ಹಿಂದಕ್ಕೆ ತಿರುಗಿಸಿದೆವು. ಇಳಿಜಾರಿನ ಒಂದು ತಿರುವು, ದಿನವಿಡೀ ಬಿಸಿಲು ಬೀಳದ ಬದಿ. ತುಳಿದು ತುಳಿದು ಗಾಜಿನಂತಾದ ಮಂಜುಗಡ್ಡೆ. ವೇಗ ಹದಿನೈದೂ ಇರಲಿಲ್ಲ. ಬ್ರೇಕು ಮುಟ್ಟಿದ್ದೇ ತಡ, ನಾಲ್ಕೂ ಚಕ್ರ ನಿಂತವು, ಕಾರು ನಿಲ್ಲಲಿಲ್ಲ. ಅಡ್ಡಡ್ಡ ಜಾರಿ ಹಿಂಬಾಗಿಲು ರಸ್ತೆಯಂಚಿನ ಮೋಟುಗೋಡೆಗೆ ಬಡಿಯಿತು. ಗೋಡೆಯ ಆಚೆ ಬಿಯಾಸ್ ನದಿಯ ಕಣಿವೆ. ಹುಡುಗಿ ಕೂತದ್ದು ಆ ಬಾಗಿಲಿನ ಪಕ್ಕ. ಅವಳಿಗೆ ಏನೂ ಆಗಲಿಲ್ಲ. ಗೋಡೆ ಗಟ್ಟಿಯಾಗಿತ್ತು, ಅಷ್ಟೇ. ಹಿಂದಿನಿಂದ ಬಂದ ಒಂದು ಹಳೆಯ ಆಲ್ಟೊ ಟ್ಯಾಕ್ಸಿ, ಮುಂದಿನ ಎರಡು ತೆಳ್ಳನೆಯ ಟೈರುಗಳಿಗೆ ಸರಪಳಿ ಕಟ್ಟಿಕೊಂಡದ್ದು, ಖಟಖಟ ಸದ್ದು ಮಾಡುತ್ತಾ ಬಂದು ನಮ್ಮ ಪಕ್ಕ ನಿಂತಿತು. ಅದರ ಚಾಲಕರು ಇಳಿದು, ಚಕ್ರದಡಿ ಮಣ್ಣು ಹಾಕಿ, ಕಾರನ್ನು ಬಿಡಿಸಿಕೊಟ್ಟರು. ಹೋಗುವ ಮುನ್ನ ನಮ್ಮ ಟೈರಿನ ಕಡೆ ನೋಡಿ, "ಚೌಡಾ ಟೈರ್ ಹೈ ಸಾಬ್, ಬರ್ಫ್ ಪೆ ತೈರೇಗಾ" ಎಂದರು. ಅಗಲದ ಟೈರು, ಹಿಮದ ಮೇಲೆ ಈಜುತ್ತದೆ. ನಾವು ಮೇಲೆ ಎರಡು ಪರಿಚ್ಛೇದಗಳಲ್ಲಿ ವಿವರಿಸಿದ್ದೆಲ್ಲ ಆ ಏಳು ಪದಗಳಲ್ಲಿತ್ತು. ಗಡ್ಡೆಗಟ್ಟಿದ ಹಿಮದ ಮೇಲೆ ಹಳೆಯ ಅಳತೆಯ ಟೈರೂ ಜಾರುತ್ತಿತ್ತು ಎಂದು ಯಾರಾದರೂ ಹೇಳಬಹುದು. ನಿಜ, ಬರಿಯ ಟೈರು ಜಾರುತ್ತಿತ್ತು. ಆದರೆ ಹಳೆಯ ಅಳತೆಗೆ ಸರಪಳಿ ಕಟ್ಟಬಹುದಿತ್ತು.

ಬೆಟ್ಟಕ್ಕೆ ಹೋಗದವರಿಗೆ ಇದರಿಂದೇನು ಎನ್ನುವವರು ದೆಹಲಿಯ ಚಳಿಗಾಲವನ್ನೇ ನೋಡಲಿ. ಇಲ್ಲಿ ಹಿಮವಿಲ್ಲ, ಮಂಜು ಇದೆ. ಹಗಲು ಇಪ್ಪತ್ತು ಡಿಗ್ರಿಗೆ ಏರುವ ಈ ಊರಿಗೆ ಚಳಿಗಾಲದ ಟೈರು ಬೇಕಾಗಿಲ್ಲ. ಬೇಕಾದದ್ದು ಕಣ್ಣಿಗೆ ಕಾಣುವಷ್ಟು ದೂರದೊಳಗೆ ಕಾರು ನಿಲ್ಲುವುದು. ಚಕ್ರ ಶೇಕಡಾ ನಾಲ್ಕೂವರೆ ದೊಡ್ಡದಾದರೆ ಸ್ಪೀಡೋಮೀಟರಿನ ಮಾತು ಅಷ್ಟು ಸುಳ್ಳಾಗುತ್ತದೆ: ಮೊದಲಿನ ಚಕ್ರಕ್ಕೆ ಅದು 80 ಎಂದು ತೋರಿಸುತ್ತಿದ್ದ ವೇಗ ಈಗ 83ರ ಮೇಲೆ. ಒಂದೂವರೆ ಸೆಕೆಂಡು ಗಾಬರಿಗೆ, ಆಮೇಲೆ ಸಾಧಾರಣ ಬ್ರೇಕಿಗೆ ಎಂದು ಲೆಕ್ಕ ಹಿಡಿದರೆ ನಿಲ್ಲಲು ಬೇಕಾದ ದೂರ 75 ಮೀಟರಿನಿಂದ 80 ಮೀಟರಿಗೆ ಏರುತ್ತದೆ. ಐದು ಮೀಟರು ಎಂದರೆ ನಮ್ಮ ಸ್ವಿಫ್ಟಿನ ಉದ್ದಕ್ಕಿಂತ ಹೆಚ್ಚು. ಕಾರ್ಖಾನೆಯ ಸ್ಪೀಡೋಮೀಟರುಗಳು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತವೆ. ಅದೊಂದು ಉಪಕಾರ, ನಾವು ಹಣ ತೆತ್ತು ಅದನ್ನು ಅಳಿಸುತ್ತೇವೆ. ಸಾಲದ್ದಕ್ಕೆ, ಬ್ರೇಕು ಹಳೆಯದೇ, ಅದು ಹಿಡಿದು ನಿಲ್ಲಿಸಬೇಕಾದ ಚಕ್ರ ಮಾತ್ರ ದೊಡ್ಡದು ಮತ್ತು ಭಾರ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲದ ಎರಡು ತಿಂಗಳು ಕಾರುಗಳ ವೇಗಮಿತಿಯನ್ನು 100ರಿಂದ 75ಕ್ಕೆ ಇಳಿಸುವುದು ಸುಮ್ಮನೆ ಅಲ್ಲ. ಆಗ್ರಾದ ಕಡೆಗೆ ಮುಂಜಾನೆ ಹೊರಟವರಿಗೆ ಅಲ್ಲಿ ಐವತ್ತು ಮೀಟರು ಕಂಡರೆ ಅದೃಷ್ಟ.

ಒಂದು ಆಕ್ಷೇಪ ನ್ಯಾಯವಾದದ್ದು. ಅದೇ ಕಾರಿನ ದುಬಾರಿ ಮಾದರಿಗೆ ಕಂಪನಿಯೇ 15 ಅಂಗುಲದ ಚಕ್ರ ಕೊಡುತ್ತದಲ್ಲ ಎಂದು ಬಳಗದ ಹಿರಿಯರೊಬ್ಬರು ಕೇಳಿದರು. ಕೊಡುತ್ತದೆ, 185/65 ಆರ್ 15. ಅದರ ಅಡ್ಡಳತೆಯನ್ನೂ ಲೆಕ್ಕ ಹಾಕಿ: ಸುಮಾರು 621 ಮಿಲಿಮೀಟರು. ರಿಮ್ಮು ಒಂದು ಅಂಗುಲ ಹಿಗ್ಗಿದರೂ ಇಡೀ ಚಕ್ರ ಹಿಗ್ಗಿದ್ದು ಎರಡು ಮಿಲಿಮೀಟರಿಗಿಂತ ಕಡಿಮೆ. ರಿಮ್ಮು ಬೆಳೆದಷ್ಟು ರಬ್ಬರಿನ ಗೋಡೆಯನ್ನು ತಗ್ಗಿಸಿ ಲೆಕ್ಕ ಸರಿತೂಗಿಸಿದ್ದಾರೆ. ಊರಿನಲ್ಲಿ ಗಾಡಿ ಮಾಡಿಸುವಾಗ ಬಡಗಿ ಮೊದಲು ಕೇಳುತ್ತಿದ್ದದ್ದು ಎತ್ತುಗಳ ಎತ್ತರವನ್ನು. ಟೈರಿನಂಗಡಿಯಲ್ಲಿ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ: "ಬ್ಲ್ಯಾಕೋ ಸಿಲ್ವರೋ?"

ನಮ್ಮ ಸಿಟ್ಟು ಅಂಗಡಿಯವರ ಮೇಲೆ ಅಷ್ಟಾಗಿ ಇಲ್ಲ. ಅವರು ಮಾರಲು ಕೂತವರು. ಸಿಟ್ಟು ಇರುವುದು ನಮ್ಮಂಥ ಓದಿದವರ ಮೇಲೆ. ಇದರ ಹಿಂದಿರುವುದು ಚಳಿಯ ಭಯವೂ ಅಲ್ಲ. ಸುತ್ತ ಎಲ್ಲರ ಮನೆಯ ಮುಂದೆ ಎತ್ತರದ ಎಸ್‌ಯುವಿಗಳು ಬಂದು ನಿಂತಿವೆ. ಮಂಜಿನಲ್ಲಿ ಅವುಗಳ ದೀಪ ನೇರ ನಮ್ಮ ಕನ್ನಡಿಗೆ ಹೊಡೆಯುತ್ತದೆ. ಹೊಸದು ಕೊಳ್ಳಲು ಮಕ್ಕಳ ಫೀಸು, ಊರಿನ ಮನೆಯ ಸಾಲ ಬಿಡುವುದಿಲ್ಲ. ಹಳೆಯ ಪೆಟ್ರೋಲ್ ಕಾರಿಗೆ ದೆಹಲಿಯಲ್ಲಿ ಹದಿನೈದು ವರ್ಷದ ಗಡಿ. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ ಆ ಗಡಿಯ ಸುತ್ತ ಹಗ್ಗಜಗ್ಗಾಟ ನಡೆದೇ ಇದೆ. ಆಯಸ್ಸು ಮುಗಿಯುತ್ತಿರುವ ಕಾರನ್ನು ಬಿಡಲೂ ಆಗದೆ, ಅದನ್ನು ಇದ್ದಂತೆ ಒಪ್ಪಲೂ ಆಗದೆ, ಅರ್ಧ ಅಂಗುಲ ಎತ್ತರಿಸಿಕೊಂಡು ಅದಕ್ಕೆ ಸುರಕ್ಷತೆ ಎಂದು ಹೆಸರಿಡುತ್ತೇವೆ. ಆಸೆಯನ್ನು ಆಸೆ ಎಂದು ಕರೆದಿದ್ದರೆ ಹಾನಿಯಿರಲಿಲ್ಲ. ಹೆಸರು ಬದಲಾದದ್ದರಿಂದಲೇ ಬೆಟ್ಟ ಹತ್ತುವ ಧೈರ್ಯ ಬಂತು.

ಕಾನೂನಿನ ಮಾತನ್ನು ಬೆಳೆಸುವುದಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಿಂಬಾಗಿಲಿನ ರಿಪೇರಿಗೆ ವಿಮೆಯ ಹಣ ಕೇಳಿದಾಗ ಸರ್ವೆಯರು ಮೊದಲು ಫೋಟೊ ತೆಗೆದದ್ದು ಬಾಗಿಲಿನದಲ್ಲ, ಚಕ್ರದ್ದು. ಆ ಹಣ ನಮಗೆ ಬರಲಿಲ್ಲ.

ಬೆಟ್ಟಕ್ಕೆ ಹೋಗಲೇಬೇಕೆನ್ನುವವರಿಗೆ 46,000 ಬೇಕಿಲ್ಲ. ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿದೆ. ಟೈರಿನ ಅಳತೆ, ಗಾಳಿಯ ಪ್ರಮಾಣ ಎರಡೂ ಅದರಲ್ಲಿವೆ. ಗಾಳಿಯನ್ನು ಬೆಳಗ್ಗೆ, ಟೈರು ತಣ್ಣಗಿರುವಾಗ ನೋಡಬೇಕು: ಅಕ್ಟೋಬರಿನ ಮಧ್ಯಾಹ್ನ ತುಂಬಿಸಿದ್ದು ಜನವರಿಯ ಮುಂಜಾನೆಗೆ ಚಳಿಯಿಂದಲೇ ನಾಲ್ಕೈದು ಪಿಎಸ್‌ಐ ಇಳಿದಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ. 2318 ಎಂದಿದ್ದರೆ 2018ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ತೋಡುಗಳು ಎಷ್ಟೇ ಆಳವಾಗಿ ಕಂಡರೂ ಅಷ್ಟು ಹಳೆಯ ರಬ್ಬರು ಚಳಿಯಲ್ಲಿ ಹಲಗೆಯಂತೆ. ತೋಡಿನ ಆಳಕ್ಕೆ ನಮ್ಮ ನಿಯಮ ಕೇಳುವುದು 1.6 ಮಿಲಿಮೀಟರು ಮಾತ್ರ; ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರಿಗೆ 4 ಇರಲೇಬೇಕು. ಹಳೆಯದಾಗಿದ್ದರೆ ಅದೇ ಅಳತೆಯ ನಾಲ್ಕು ಹೊಸ ಟೈರು, ಆ ಅಳತೆಯ ಒಂದು ಜೊತೆ ಸರಪಳಿ. ನಮ್ಮ ಸಣ್ಣ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ, ಕಟ್ಟಬೇಕಾದದ್ದೂ ಮುಂದಕ್ಕೇ. ಮನೆಯ ಮುಂದೆ ಒಮ್ಮೆ ಕಟ್ಟಿ ಬಿಚ್ಚಿ ನೋಡಿ. ಮೊದಲ ಸಲಕ್ಕೆ ನಮಗೆ ನಲವತ್ತು ನಿಮಿಷ ಹಿಡಿಯಿತು. ಇಷ್ಟೂ ಬೇಡವೆಂದರೆ ಮನಾಲಿಯಲ್ಲಿ ಕಾರು ನಿಲ್ಲಿಸಿ ಆಲ್ಟೊ ಟ್ಯಾಕ್ಸಿ ಹತ್ತಿ. ಅದರಲ್ಲಿ ಮಾನ ಹೋಗುವಂಥದ್ದೇನಿಲ್ಲ.

ನಮ್ಮ ಕಾರು ಈಗ ಮತ್ತೆ 165ರ ಟೈರಿನ ಮೇಲೆ ನಿಂತಿದೆ, ಕಬ್ಬಿಣದ ರಿಮ್ಮು, ಪ್ಲಾಸ್ಟಿಕ್ ಮುಚ್ಚಳ. ನಾಲ್ಕು ಅಲಾಯ್ ಚಕ್ರಗಳು ಬಾಲ್ಕನಿಯಲ್ಲಿವೆ. ಕೊಟ್ಟ ಅಂಗಡಿಯವರೇ ಅವಕ್ಕೆ 9,000ಕ್ಕಿಂತ ಹೆಚ್ಚು ಕೊಡಲು ಒಪ್ಪುತ್ತಿಲ್ಲ. ಕಳೆದ ಕೂಟದಲ್ಲಿ ಬಳಗದ ಒಬ್ಬರು ತಮ್ಮ ಹಳೆಯ ಕಾರಿಗೆ ಅವು ಕೂರುತ್ತವೆಯೇ ಎಂದು ವಿಚಾರಿಸಿದರು, ಡಿಸೆಂಬರಿನಲ್ಲಿ ಶಿಮ್ಲಾ ಕಡೆ ಹೊರಟಿದ್ದಾರಂತೆ. ಮಾರುವುದಿಲ್ಲ ಎಂದು ಹೇಳಿದೆವು. ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. ಸರಪಳಿ ಬೇಕಾದರೆ ಕೊಡುತ್ತೇವೆ, ಅಳತೆ ಹೊಂದಿದರೆ.